ರೇಡಾರ್ ಡಿಟೆಕ್ಟರ್ ಕೊಳ್ಳುವ ಮೊದಲು

ಮಲ್ಕಾಜ್‌ಗಿರಿಯಿಂದ ಹೊರಟ ಕಾರು ಘಟ್‌ಕೇಸರ್ ಬಳಿ ಹೈದರಾಬಾದಿನ 158 ಕಿಲೋಮೀಟರ್ ಉದ್ದದ ಹೊರ ವರ್ತುಲ ರಸ್ತೆ ಹತ್ತುತ್ತದೆ. ರಸ್ತೆ ನುಣುಪು, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಆಗಲೇ ಪೊಲೀಸರ ವೇಗ ಅಳೆಯುವ ಗನ್ ಬಗ್ಗೆ ಮೊದಲೇ ಎಚ್ಚರಿಸುವ ರೇಡಾರ್ ಡಿಟೆಕ್ಟರ್ ಆಸೆ ಹುಟ್ಟುವುದು.

ಆದರೆ ಆ ಡಬ್ಬಿ ಮುಖ್ಯವಾಗಿ ಹಿಡಿಯುವುದು ರೇಡಿಯೋ ಅಲೆಗಳನ್ನು. ಹೈದರಾಬಾದಿನ ಪೊಲೀಸರ ಕೈಯಲ್ಲಿರುವುದು ಲೇಸರ್ ಗನ್: ಕಣ್ಣಿಗೆ ಕಾಣದ ಬೆಳಕು. 300 ಮೀಟರ್ ದೂರದಲ್ಲೂ ಕಿರಣದ ಅಗಲ ಸುಮಾರು ಒಂದು ಮೀಟರ್ ಅಷ್ಟೇ. ಗುರಿ ನಂಬರ್ ಪ್ಲೇಟ್. ಲೇಸರ್ ಹಿಡಿಯುವ ಡಿಟೆಕ್ಟರ್ ಇದ್ದರೂ ಅದು ಕೂಗುವಷ್ಟರಲ್ಲಿ ವೇಗ ದಾಖಲಾಗಿರುತ್ತದೆ.

ದುಡ್ಡು ದಂಡ!

ನಿಜವಾಗಿ ಕೆಲಸಕ್ಕೆ ಬರುವ ಎಚ್ಚರಿಕೆ ಕಾರಿನಲ್ಲೇ ಇದೆ. 2019ರ ಜುಲೈ 1ರ ನಂತರ ತಯಾರಾದ ಕಾರುಗಳು 80 ದಾಟಿದರೆ ಆಗಾಗ ಬೀಪ್ ಎನ್ನುತ್ತವೆ, 120 ದಾಟಿದರೆ ಬಿಡದೆ ಕೂಗುತ್ತವೆ. ಕೆಲವರು ಅದರ ವೈರನ್ನೇ ಕಿತ್ತುಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ.