ಮುತ್ತು ನುಂಗುವ ಪ್ರಾಣಿ

ನೆಲೆ: ಪಾಳುಬಿದ್ದ ಯಂತ್ರಗಳ ಒಂದು ಲೋಕ. 2017ರಲ್ಲಿ ವಿಡಿಯೋಕಲ್ಟ್ ಎಂಬ ಪುಟ್ಟ ತಂಡ ರೂಪಿಸಿದ ‘ರೈನ್ ವರ್ಲ್ಡ್’ ಆಟದೊಳಗೆ ನಾನು ಬೆನ್ನು ಹತ್ತಿರುವುದು ಸ್ಲಗ್‌ಕ್ಯಾಟ್ ಎಂಬ ಬಿಳಿ ಪ್ರಾಣಿಯನ್ನು. ಬೆಕ್ಕಿನ ಚುರುಕು, ಚಿಪ್ಪಿಲ್ಲದ ಬಸವನಹುಳುವಿನ ನುಣುಪು.

ಆಹಾರ: ನೀಲಿ ಹಣ್ಣು, ಹಾರುವ ಬಾವಲಿನೊಣ. ನಾಲ್ಕು ಪಾಲು ಹೊಟ್ಟೆಗೆ ಬಿದ್ದರೆ ಗೂಡು ಹೊಕ್ಕು ಮಲಗಬಹುದು. ಹೊರಗುಳಿದರೆ ಮಳೆ ಜಜ್ಜಿ ಕೊಲ್ಲುತ್ತದೆ. ಮಳೆಗೆ ಮುನ್ನ ನೆಲ ನಡುಗುತ್ತದೆ, ಆಗ ಓಡಬೇಕು. ಹಸಿರು ಹಲ್ಲಿಗೆ ಮೈಭಾರ, ನೀಲಿ ಹಲ್ಲಿ ಗೋಡೆಯೇರುತ್ತದೆ, ಬಿಳಿ ಹಲ್ಲಿ ಗೋಡೆಯ ಬಣ್ಣದಲ್ಲೇ ಅಡಗುತ್ತದೆ. ಇಷ್ಟನ್ನು ಕಲಿತದ್ದು ಬದುಕುತ್ತದೆ.

ಅಕ್ಷರ ಮಾತ್ರ ತಿಳಿಯದು. ಒಂಟಿಗಣ್ಣಿನ ಹುಳುವಿನಂಥದೊಂದು ದಾರಿ ತೋರುವುದೂ ಬೆಳಕಿನ ಚಿತ್ರಗಳಿಂದಲೇ.

ಅಲ್ಲಲ್ಲಿ ಬಣ್ಣದ ಮುತ್ತುಗಳು ಬಿದ್ದಿರುತ್ತವೆ. ಅಳಿದುಹೋದ ಜನರ ಬರಹ ಅವುಗಳೊಳಗಿದೆ. ಸ್ಲಗ್‌ಕ್ಯಾಟ್ ಒಂದನ್ನು ಎತ್ತಿ ಎಸೆಯುತ್ತದೆ. ಕೈ ಬಿಡುವಿರಲೆಂದು ನುಂಗಿ, ಬೇಕಾದಾಗ ಕಕ್ಕುತ್ತದೆ. ಸ್ಕ್ಯಾವೆಂಜರ್ ಎಂಬ ಜೀವಿಗಳ ಗುಂಪಿಗೆ ಅದು ದಾರಿಸುಂಕ: ಮುತ್ತು ಕೊಟ್ಟರೆ ಹೋಗಗೊಡುತ್ತವೆ. ಓದುವವರು ಇಬ್ಬರಲ್ಲೂ ಇಲ್ಲ.

ತೀರದಲ್ಲಿ, ಅರ್ಧ ಮುಳುಗಿದ ಕಟ್ಟಡದೊಳಗೆ ಲುಕ್ಸ್ ಟು ದ ಮೂನ್ ಎಂಬ ಯಂತ್ರಜೀವಿ ಕೂತಿದ್ದಾಳೆ. ಮೊದಲ ಭೇಟಿಯಲ್ಲಿ ಅವಳ ಮಾತು ಒಂದೂ ಅರ್ಥವಾಗುವುದಿಲ್ಲ, ಪ್ರಾಣಿಗೂ ಆಡುವವರಿಗೂ. ಅವಳ ಸುತ್ತ ಹೊಳೆಯುವ ನೊಣಗಳು ತೇಲುತ್ತವೆ. ಹಸಿದ ಪ್ರಾಣಿಗೆ ಅವೂ ಮೇವು; ತಿಂದರೆ ಮೈಯೇ ಬೆಳಗುತ್ತದೆ. ಆ ನೊಣಗಳೇ ಅವಳ ಉಳಿದ ನೆನಪು, ಎಲ್ಲ ಮುಗಿದರೆ ಅವಳೂ ಮುಗಿದಳು. ಬೇಡವೆಂದು ಅವಳು ಹೇಳಬಲ್ಲಳು, ಕೇಳಿ ತಿಳಿಯುವವರಿಲ್ಲ.

ಓದು ಬಾರದ್ದನ್ನು ಈ ಆಟ ಹೇಳುವ ಕ್ರಮ ಇದು. ಪ್ರಾಣಿಯನ್ನು ತೋರಿಸಿ ನಗಿಸುವುದಿಲ್ಲ, ಆಡುವವರನ್ನೇ ಅದರ ಅರಿವಿನೊಳಕ್ಕೆ ಇಳಿಸುತ್ತದೆ.

ಮೇಲೆ ಫೈವ್ ಪೆಬಲ್ಸ್ ಎಂಬ ಇನ್ನೊಬ್ಬ ಯಂತ್ರಜೀವಿ ಸ್ಲಗ್‌ಕ್ಯಾಟ್‌ನ ತಲೆಯ ಮೇಲೊಂದು ಬಿಳಿ ಗುರುತು ಇಡುತ್ತಾನೆ. ಅಲ್ಲಿಂದ ಮಾತು ತಿಳಿಯುತ್ತದೆ. ಆದರೂ ಅಕ್ಷರ ಬರಲಿಲ್ಲ: ಮುತ್ತನ್ನು ಮೂನ್ ಓದಿ ಹೇಳಬೇಕು. ನಡೆ, ಬೇಟೆ, ಮಳೆಯ ಭಯ ಯಾವುದೂ ಬದಲಾಗಿಲ್ಲ. ಬದಲಾದದ್ದು ದಾರಿ. ಮೊದಲು ಮುತ್ತು ಸಿಕ್ಕರೆ ಸುಂಕದ ಕಡೆ ನಡೆಯುತ್ತಿದ್ದ ಪ್ರಾಣಿ, ಈಗ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಲ್ಲಿಗಳ ನಡುವೆ ಹಾದು ತೀರ ಹುಡುಕುತ್ತದೆ.