ಮಂಚದಿಂದ ಕಮೋಡಿನವರೆಗೆ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಮುತ್ತ ಇರುವ ಹಿರಿಯರ ಆರೈಕೆ ಮನೆಗಳಲ್ಲಿ ಹಲವು ಆ ಕೆಲಸಕ್ಕೆಂದೇ ಕಟ್ಟಿದವಲ್ಲ. ಬಾಡಿಗೆಗೆ ಹಿಡಿದ ವಿಲ್ಲಾಗಳು, ಮಹಡಿ ಮನೆಗಳು. ಅಪ್ಪ ಅಮ್ಮನನ್ನು ಸೇರಿಸಲು ಬರುವ ಮಕ್ಕಳು ಮೊದಲು ನೋಡುವುದು ಗೇಟಿನ ಬಳಿಯ ರ‍್ಯಾಂಪ್. ನೋಡಬೇಕಾದ್ದೇ. ವೀಲ್‌ಚೇರು ಒಂದಡಿ ಏರಲು 12 ಅಡಿ ಉದ್ದ ಬೇಕು. ಒಂದೂವರೆ ಅಡಿ ಎತ್ತರದ ಪಾಯಕ್ಕೆ 18 ಅಡಿ. ಕಾರು ಹತ್ತಿಸಲು ಹಾಕಿದ ಇಳಿಜಾರು ಇದಕ್ಕೆ ಆಗಿಬರುವುದಿಲ್ಲ. ಆದರೆ ಒಳಗಿರುವವರು ರ‍್ಯಾಂಪ್ ಇಳಿಯುವುದು ಅಪರೂಪ, ಶೌಚಕ್ಕೆ ಹೋಗುವುದು ದಿನಕ್ಕೆ ಹಲವು ಸಲ. ಕೋಣೆ ಹೇಗಿದೆ ಎಂದು ತಿಳಿಯಬೇಕಾದರೆ ಬಚ್ಚಲಿನ ಬಾಗಿಲಿಗೆ ಟೇಪು ಹಿಡಿಯಿರಿ.

ನಮ್ಮ ಮನೆಗಳಲ್ಲಿ ಆ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಚೌಕಟ್ಟು, ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಸುಮಾರು 65 ಸೆಂ.ಮೀ. ಸಾಧಾರಣ ವೀಲ್‌ಚೇರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಚಕ್ರ ತಳ್ಳುವ ಕೈಗೆ ಜಾಗವೆಲ್ಲಿ? ಅಂಗವಿಕಲಸ್ನೇಹಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ ತಂದ 2021ರ ಮಾರ್ಗಸೂಚಿ ಹೇಳುವುದು 90 ಸೆಂ.ಮೀ. ಬಾಗಿಲು, ಒಳಗೆ ಕುರ್ಚಿ ತಿರುಗಲು 150 ಸೆಂ.ಮೀ. ವ್ಯಾಸದ ಜಾಗ. ಗೋಡೆ ಒಡೆಯಲು ಮಾಲೀಕ ಒಪ್ಪದಿದ್ದರೆ ಚೌಕಟ್ಟು ತೆಗೆದು, ಹೊರಗಡೆ ಜಾರುವ ಬಾಗಿಲು ಹಾಕಿಸಿದರೂ ಒಂದಿಷ್ಟು ಗೆಲ್ಲಬಹುದು. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುವ ಅಪಾಯವೂ ತಪ್ಪುತ್ತದೆ. ನೀರು ಹೊರಬರದಿರಲೆಂದು ಕಟ್ಟಿದ ಹೊಸಿಲೂ ಹೋಗಬೇಕು. ಅದರ ಬದಲು ನೆಲದ ವಾಟವನ್ನು ಒಳಗೋಡೆಯ ಕಡೆಗೆ ಕೊಡಬೇಕು.

ಅಳತೆಪಟ್ಟಿ ಹೇಳದ ಮಾತೊಂದಿದೆ. ಪಾರ್ಶ್ವವಾಯು ಹೊಡೆದವರಿಗೆ ಒಂದೇ ಕಡೆ ಬಲ. ಎಡಭಾಗ ಬಿದ್ದುಹೋಗಿದ್ದರೆ ಮಂಚದಿಂದ ಬಲಕ್ಕೆ ಇಳಿಯಬೇಕು, ಕುರ್ಚಿಯೂ ಬಲಕ್ಕೇ ಬರಬೇಕು, ಕಮೋಡಿನ ಹಿಡಿಕೆಯೂ ಬಲಗೈಗೆ ಸಿಗಬೇಕು. ಎಲ್ಲ ಕೋಣೆಗಳಲ್ಲೂ ಮಂಚವನ್ನು ಒಂದೇ ಗೋಡೆಗೆ ಒತ್ತಿಟ್ಟ ಮನೆಯಲ್ಲಿ ಇಂಥವರ ಪೈಕಿ ಅರ್ಧದಷ್ಟು ಜನರಿಗೆ ಅದು ತಪ್ಪು ಗೋಡೆ. ಮಂಚದ ಪಕ್ಕ 90 ಸೆಂ.ಮೀ. ಬಿಟ್ಟು, ಹಾಸಿಗೆಯನ್ನು ಕುರ್ಚಿಯ ಎತ್ತರಕ್ಕೆ, ಅಂದರೆ ಸುಮಾರು 50 ಸೆಂ.ಮೀ.ಗೆ ತಂದರೆ ಎಷ್ಟೋ ಜನ ತಾವೇ ಜಾರಿ ಕೂರಬಲ್ಲರು. ಆಯಾಗಳ ಸೊಂಟವೂ ಉಳಿಯುತ್ತದೆ.

ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳಿಗೂ ಅನ್ವಯ. ಇಂಥ ಅಳತೆಗಳ ಮಾನದಂಡಗಳನ್ನು ಬರೀ ಸಲಹೆಯಾಗಿ ಬಿಟ್ಟಿದ್ದ ನಿಯಮ ಆ ಕಾಯ್ದೆಗೇ ವಿರುದ್ಧವೆಂದು 2024ರ ನವೆಂಬರ್‌ನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಕಮೋಡಿನ ಪಕ್ಕದ ಹಿಡಿಕೆಗೆ ದುಬಾರಿ ಸಾಮಾನು ತರಿಸಬೇಕಿಲ್ಲ. ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಸುಮಾರು 4 ಸೆಂ.ಮೀ. ದಪ್ಪದ ಸ್ಟೀಲ್ ಪೈಪು ಬಾಗಿಸಿಕೊಡುತ್ತಾರೆ. ಗೋಡೆ ಟೊಳ್ಳು ಬ್ಲಾಕಿನದಾದರೆ ಮಾತ್ರ ಸಾದಾ ಸ್ಕ್ರೂ ನಿಲ್ಲದು. ಆಚೆ ಬದಿಗೆ ಪ್ಲೇಟು ಕೊಟ್ಟು ಬೋಲ್ಟು ಬಿಗಿಸಬೇಕು. ಹಾಕಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಒಮ್ಮೆ ಜೋತುಬಿದ್ದು ನೋಡಲಿ.