ತೊಡೆಯ ನರೆ

ಮುಪ್ಪು ಮೊದಲು ಕೂದಲಿಗೆ ಬರುತ್ತದೆಂಬುದು ಲೋಕರೂಢಿ. ಕಣ್ಣಿಗೆ ಬೀಳದಂತೆ ತೊಡೆಗೆ ಬರುವ ಮುಪ್ಪೂ ಒಂದುಂಟು. ಎಪ್ಪತ್ತು ದಾಟಿದ ನನ್ನ ತಾಯಿ ಊಟದ ಮಣೆಯಿಂದೇಳುವಾಗ ಪಕ್ಕದ ಕಂಬವನ್ನು ಹಿಡಿಯತೊಡಗಿದರು. "ವಯಸ್ಸಾಯಿತಪ್ಪ" ಎಂದರು. "ಹೌದಮ್ಮ" ಎಂದೆ. ಅಷ್ಟಕ್ಕೇ ವಿಚಾರಣೆ ಮುಗಿಯಿತು. ಕೆಲವು ತಿಂಗಳ ಮೇಲೆ ಅವರು ಬಚ್ಚಲ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದರು. ದೈವಕೃಪೆಯಿಂದ ಮೂಳೆ ಮುರಿಯಲಿಲ್ಲ. ನನ್ನ ನಿಶ್ಚಿಂತೆ ಮುರಿಯಿತು.

ನಾವು ವಯೋಸಹಜವೆಂದು ಕೈಬಿಡುವ ಈ ಸ್ನಾಯುಕ್ಷಯಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಎಂಬ ವಿದ್ವಾಂಸರು 1980ರ ದಶಕದ ಕೊನೆಯಲ್ಲಿ 'ಸಾರ್ಕೊಪೀನಿಯ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೆನಿಯ' ಎಂದರೆ ಬಡತನ. ಮಾಂಸದ ಬಡತನ! ಹೆಸರಿಲ್ಲದ ಕೊರತೆಯನ್ನು ಯಾರೂ ಅರಸುವುದಿಲ್ಲ. ಹೆಸರು ಬಂದೊಡನೆ ಅಳೆಯುವ ಬಯಕೆಯೂ ಬರುತ್ತದೆ.

ಅಳೆಯುವ ಉಪಾಯಗಳಲ್ಲೊಂದು ಅಲ್ಟ್ರಾಸೌಂಡ್. ಬಸುರಿಯರಿಗೆ ಗರ್ಭದ ಶಿಶುವನ್ನು ತೋರುವ ಯಂತ್ರವೇ ಅದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ದನಿಯನ್ನು ಕೇಳಲಾರದು. ಈ ಯಂತ್ರದ ದನಿಯಾದರೋ ಹಲವು ದಶಲಕ್ಷ ಕಂಪನಗಳದು. ವೈದ್ಯರು ತಾಯಿಯ ತೊಡೆಯ ಮುಂಭಾಗಕ್ಕೆ ಲೋಳೆಯಂಥ ಲೇಪವನ್ನು ಹಚ್ಚಿ, ಅಂಗೈಯಗಲದ ಶೋಧಕವನ್ನು ಮೆಲ್ಲನೆ ಇರಿಸಿದರು. ಒಳಹೊಕ್ಕ ದನಿ ಕೊಬ್ಬು, ಸ್ನಾಯು, ಮೂಳೆಗಳ ಗಡಿಗಳಲ್ಲಿ ಮರುದನಿಯಾಗಿ ಹಿಂದಿರುಗಿ ಪರದೆಯ ಮೇಲೆ ಚಿತ್ರವಾಯಿತು. ಸ್ನಾಯುವಿನ ದಪ್ಪವನ್ನು ಅದರಲ್ಲಿ ಮಿಲಿಮೀಟರುಗಳಲ್ಲಿ ಎಣಿಸಬಹುದು. ಅದಕ್ಕಿಂತಲೂ ಸೋಜಿಗದ ಸಂಗತಿ ಬಣ್ಣ: ಆರೋಗ್ಯವಂತ ಸ್ನಾಯು ಕಪ್ಪಾಗಿ ಕಾಣುವುದು; ಕೊಬ್ಬೂ ನಾರೂ ಬೆರೆತ ಸ್ನಾಯು ಬೆಳ್ಳಗಾಗುವುದು. ತಲೆಗೊಂದು ನರೆಯಾದರೆ ತೊಡೆಗೂ ಒಂದು ನರೆ!

ಈ ಪರೀಕ್ಷೆಯಲ್ಲಿ ನೋವಿಲ್ಲ, ಕ್ಷಕಿರಣದ ಸೋಂಕಿಲ್ಲ. ಹಾಸಿಗೆ ಹಿಡಿದವರ ಬಳಿಗೂ ಯಂತ್ರವನ್ನೊಯ್ಯಬಹುದು. ಆದರೆ ಶೋಧಕವನ್ನು ತುಸು ಒತ್ತಿದರೂ ಸ್ನಾಯು ತೆಳ್ಳಗೆ ತೋರುತ್ತದೆ; ಎಲ್ಲರೂ ಒಪ್ಪಿದ ಒಂದೇ ಮೇರೆಯೂ ಇನ್ನೂ ನೆಲೆಗೊಂಡಿಲ್ಲ. ಆದುದರಿಂದ ಚಿತ್ರದ ಜೊತೆಗೆ ಬಲವನ್ನೂ ಪರೀಕ್ಷಿಸಬೇಕು. ಮುಷ್ಟಿಯ ಹಿಡಿತ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗ್ರಾಮಿಗಿಂತ ಕಡಮೆಯಾದರೆ ಅದನ್ನು ದುರ್ಬಲವೆಂದು ಎಣಿಸಬೇಕೆಂದು ಏಷ್ಯದ ತಜ್ಞರ ಮಂಡಳಿಯೊಂದು 2019ರಲ್ಲಿ ಸೂಚಿಸಿತು.

ಅಳೆದು ಫಲವೇನು? 1990ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಪ್ರಯೋಗವೊಂದು ಇದಕ್ಕೆ ಉತ್ತರ ಹೇಳಿತು. ಸರಾಸರಿ 90 ವರ್ಷದ, ಬೆರಳೆಣಿಕೆಯ ವೃದ್ಧರು ಎಂಟು ವಾರ ಕಾಲಿನಿಂದ ಭಾರವೆತ್ತುವ ವ್ಯಾಯಾಮ ಮಾಡಿದರು. ತೊಡೆಯ ಸ್ನಾಯು ಬೆಳೆದದ್ದು ಶೇಕಡ 9ರಷ್ಟು. ಕಾಲಿನ ಬಲ ಹೆಚ್ಚಿದ್ದು ಸರಾಸರಿ ಶೇಕಡ 174ರಷ್ಟು! ತಲೆಯ ನರೆಗೆ ಬಣ್ಣವಲ್ಲದೆ ಬೇರೆ ಮದ್ದಿಲ್ಲ. ತೊಡೆಯ ದೌರ್ಬಲ್ಯಕ್ಕೆ ಸಾಧನೆಯ ಮದ್ದಿದೆ.

ವೈದ್ಯರ ಮಾತಿನಂತೆ ತಾಯಿ ಈಗ ದಿನವೂ ಬೆಳಗ್ಗೆ ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುತ್ತಾರೆ, ಕೂರುತ್ತಾರೆ. ಊಟದಲ್ಲಿ ಬೇಳೆ, ಮೊಸರು ಹೆಚ್ಚಾಗಿವೆ. ಎಣಿಸುವ ಕೆಲಸ ನನ್ನದು. ಮೊನ್ನೆ ಒಂಬತ್ತಕ್ಕೇ ನಿಲ್ಲಿಸಿ, "ವಯಸ್ಸಾಯಿತಪ್ಪ" ಎಂದರು. ಈ ಸಲ ನಾನು "ಹೌದಮ್ಮ" ಎನ್ನಲಿಲ್ಲ. "ಇನ್ನೊಂದು ಉಳಿದಿದೆಯಮ್ಮ" ಎಂದೆ.